ಪಟ್ಟಿ ಹೊಲಿದ ಎಡಗಾಲಿನ ಚಪ್ಪಲಿ

ನಮ್ಮ ಹಾಸ್ಟೆಲಿನ ಕೋಣೆಯ ಬಾಗಿಲ ಹಿಂದೆ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಇದೆ. ಬಲಗಾಲಿನದು ಎಲ್ಲರ ಮನೆಯ ಚಪ್ಪಲಿಯಂತೆಯೇ. ಎಡಗಾಲಿನದಕ್ಕೆ ಮಾತ್ರ ಹಿಮ್ಮಡಿಯ ಸುತ್ತ ಬರುವಂತೆ ಒಂದು ಪಟ್ಟಿ. ನಾನು ಏಳನೇ ಕ್ಲಾಸಿನಲ್ಲಿ ಹೊತ್ತಿದ್ದ ಸ್ಕೂಲ್ ಬ್ಯಾಗಿನ ಬೆಲ್ಟನ್ನು ಕತ್ತರಿಸಿ ಗೋಣಿದಾರದಲ್ಲಿ ಹೊಲಿದದ್ದು. ಹೊಲಿಗೆ ದಪ್ಪವಾಗಿದೆ, ಎಲ್ಲಿ ಕಿತ್ತುಬರುವ ಅನುಮಾನವಿತ್ತೋ ಅಲ್ಲಿ ಸುತ್ತಿ ಸುತ್ತಿ ಗಂಟು ಹಾಕಲಾಗಿದೆ. ಜೊತೆಯ ಹುಡುಗಿಯರು "ಇದೇನೇ, ಒಂದೇ ಕಾಲಿಗೆ ಸ್ಯಾಂಡಲ್ಲಾ?" ಎಂದು ನಗುತ್ತಾರೆ. ಪರೀಕ್ಷೆಗೆ ಓದಲು ಕೂತಾಗ ನಾನು ಅದನ್ನೇ ಮೆಟ್ಟಿಕೊಂಡು ಕೂರುತ್ತೇನೆ. ನರಮಂಡಲದ ಪಾಠವಾದರಂತೂ ಅದು ಕಾಲಲ್ಲಿ ಇರಲೇಬೇಕು.

ಚಪ್ಪಲಿ ಅವ್ವನದು, ನಾನು ಊರಿನಿಂದ ಕೇಳಿ ತಂದುಕೊಂಡದ್ದು. ಅದರ ವಿಷಯ ಹೇಳುವ ಮೊದಲು ನನ್ನ ಪಾಡು ಸ್ವಲ್ಪ ಹೇಳಿಬಿಡುತ್ತೇನೆ.

ನಾನು ಬೆಳ್ಳೂರು ಕ್ರಾಸಿನ ಕಡೆ ನರ್ಸಿಂಗ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಪಾಂಡವಪುರ ತಾಲ್ಲೂಕಿನ ನಮ್ಮೂರಿನ ಕನ್ನಡ ಶಾಲೆ. ನಮ್ಮೂರಿನಲ್ಲಿ ಮೈಯೊಳಗೆ ದಾರದ ಹಾಗಿರುವುದೆಲ್ಲ ನರ. ಡ್ರಿಪ್ ಹಾಕುವಾಗ ಸೂಜಿ ಚುಚ್ಚುವುದು ನರಕ್ಕೆ. ಸಿಟ್ಟು ಬಂದಾಗ ಹಣೆಯಲ್ಲಿ ಉಬ್ಬುವುದು ನರ. ಹಿಮ್ಮಡಿಯ ಮೇಲೆ ಹಗ್ಗದಂತೆ ಕೈಗೆ ಸಿಗುವುದು ನರ. ಬೆಳಗ್ಗೆ ಎದ್ದಾಗ ಕತ್ತು ತಿರುಗದಿದ್ದರೆ ಹಿಡಿದುಕೊಂಡಿರುವುದೂ ನರವೇ. ಈ ಒಂದು ಪದದ ಬಂಡವಾಳ ಹೂಡಿ ನಾನು ಮೊದಲ ಅನಾಟಮಿ ಕ್ಲಾಸಿಗೆ ಹೋದೆ. ಮೊದಲ ಗಂಟೆಯಲ್ಲೇ ಬಂಡವಾಳ ಮುಳುಗಿತು. ಚುಚ್ಚುವುದು ರಕ್ತನಾಳಕ್ಕೆ, ಹಿಮ್ಮಡಿಯದು ಸ್ನಾಯುವಿನ ಬಾಲ, ಕತ್ತಿನಲ್ಲಿ ಹಿಡಿದದ್ದು ಮಾಂಸಖಂಡ. ಹಾಗಾದರೆ ನರ ಯಾವುದು? ಅದು ಕಣ್ಣಿಗೆ ಕಾಣುವಂತೆ ಉಬ್ಬುವುದೂ ಇಲ್ಲ, ಮಿಡಿಯುವುದೂ ಇಲ್ಲ. ಸುಮ್ಮನೆ ಸುದ್ದಿ ಒಯ್ಯುತ್ತದೆ, ಸುದ್ದಿ ತರುತ್ತದೆ.

ಪದಗಳನ್ನು ಕಟ್ಟುವ ಕ್ರಮ ಗೊತ್ತಾದ ಮೇಲೆ ಹೆದರಿಕೆ ಕಡಿಮೆಯಾಯಿತು. ನ್ಯೂರೋ ಎಂದರೆ ನರದ್ದು. ಐಟಿಸ್ ಅಂಟಿಸಿದರೆ ಉರಿಯೂತ. ಹೆಮಿ ಎಂದರೆ ಅರ್ಧ, ಪ್ಲೀಜಿಯಾ ಎಂದರೆ ಸ್ವಾಧೀನ ತಪ್ಪುವುದು. ಎರಡನ್ನೂ ಜೋಡಿಸಿ ಹೆಮಿಪ್ಲೀಜಿಯಾ ಎಂದರೆ ನಮ್ಮೂರಿನ ಲಕ್ವ. ಕಷ್ಟವಾದದ್ದು ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳು. ಎಷ್ಟು ಬಾಯಿಪಾಠ ಮಾಡಿದರೂ ಐದನೆಯದು ಒಂಬತ್ತನೆಯದರ ಜಾಗದಲ್ಲಿ ಬಂದು ಕೂರುತ್ತಿತ್ತು. ಕೊನೆಗೆ ಒಂದೊಂದನ್ನೂ ಮನೆಯವರಿಗೆ ಹಂಚಿಬಿಟ್ಟೆ. ವಾಸನೆಯ ಮೊದಲನೇ ನರ ಅಪ್ಪ. ಹಾಲು ಒಡೆಯುವ ಮುಂಚೆಯೇ ಮೂಗಿನಲ್ಲಿ ಹಿಡಿಯುತ್ತಾರೆ. ಕೇಳುವ, ತೂಕ ತಪ್ಪದಂತೆ ನಿಲ್ಲಿಸುವ ಎಂಟನೇ ನರ ಅಜ್ಜಿ, ಅಪ್ಪನ ಅವ್ವ. ಕಣ್ಣಿಗೆ ಪೊರೆ ಬಂದಿದ್ದರೂ ಅಂಗಳದಲ್ಲಿ ನಡೆದು ಬರುವವರ ಹೆಜ್ಜೆ ಕೇಳಿಯೇ ಇಂಥವರು ಎಂದು ಹೇಳುತ್ತಾಳೆ. ಹೆಗಲು ಕುಣಿಸುವ ಹನ್ನೊಂದನೇ ನರ ಅವ್ವ. ಜ್ವರ ಬರಲಿ, ಬೋರ್‌ವೆಲ್ ಮೋಟಾರು ಸುಡಲಿ, ಅವಳು ಹೆಗಲು ಎತ್ತಿ ಇಳಿಸಿ "ಆಯ್ತದೆ ಬುಡು" ಅನ್ನುತ್ತಾಳೆ. ನಾಲಿಗೆಯ ಹನ್ನೆರಡನೇ ನರ ಬೂಕನಕೆರೆಯ ಅತ್ತೆ, ಅಪ್ಪನ ತಂಗಿ. ಇದು ಹೇಗೋ ಅವರ ಕಿವಿಗೆ ಬಿದ್ದು, "ಮಿದುಳು ಯಾರಮ್ಮಿ, ನೀನೇಯಾ?" ಎಂದು ಫೋನಿನಲ್ಲೇ ಕೇಳಿದರು. ನಾನು ಮಿದುಳನ್ನು ಯಾರಿಗೂ ಕೊಟ್ಟಿರಲಿಲ್ಲ.

ಬೆನ್ನುಹುರಿಯ ಪಾಠ ಮಾತ್ರ ಯಾರೂ ಕಲಿಸದೆ ಬಂತು. ಅದನ್ನು ಅವ್ವನ ಮಡಿಲಲ್ಲಿ ನೋಡುತ್ತಲೇ ಬೆಳೆದಿದ್ದೆ. ನಮ್ಮ ಹೊಲದ ಬದಿಯಲ್ಲಿ ಕನಕಾಂಬರದ ಸಾಲುಗಳಿವೆ. ಕಬ್ಬು, ಭತ್ತ ಅಪ್ಪನದು, ಕನಕಾಂಬರ ಅವ್ವನದು. ನಾಗಮಂಗಲದ ಕಡೆಯ ತನ್ನ ತವರಿನಿಂದ ಸಸಿ ತಂದು ನೆಟ್ಟವಳು ಅವಳೇ. ಬೆಳಕು ಹರಿಯುವಾಗ ಬಿಡಿಸಿ, ಒಂದಷ್ಟನ್ನು ಬಿಡಿಹೂವಾಗಿ ಶ್ರೀರಂಗಪಟ್ಟಣಕ್ಕೆ ಕಳಿಸಿ, ಉಳಿದದ್ದನ್ನು ಬಾಳೆನಾರಿನಲ್ಲಿ ಕಟ್ಟುತ್ತಾಳೆ. ಆ ಕಡೆ ಒಂದು, ಈ ಕಡೆ ಒಂದು, ನಡುವೆ ಗಂಟು. ಮತ್ತೆ ಆ ಕಡೆ ಒಂದು, ಈ ಕಡೆ ಒಂದು. ಬೆನ್ನುಹುರಿಯಿಂದಲೂ ನರಗಳು ಹೀಗೇ ಜೊತೆಜೊತೆಯಾಗಿ ಎಡಕ್ಕೂ ಬಲಕ್ಕೂ ಹೊರಡುತ್ತವೆ. ಕೊನೆಯಲ್ಲಿ ಹೂವಿಲ್ಲದ ನಾರನ್ನು ಅವ್ವ ಉದ್ದಕ್ಕೆ ಬಿಡುತ್ತಾಳಲ್ಲ, ಹಾಗೆಯೇ ಹುರಿ ಮುಗಿದ ಮೇಲೂ ನರಗಳ ಒಂದು ಕುಚ್ಚು ಇಳಿಬಿದ್ದಿರುತ್ತದೆ. ಪುಸ್ತಕ ಅದನ್ನು ಕುದುರೆಯ ಬಾಲ ಅನ್ನುತ್ತದೆ. ಪುಸ್ತಕ ಬರೆದವರು ಹೂವು ಕಟ್ಟುವುದನ್ನು ನೋಡಿರಲಿಕ್ಕಿಲ್ಲ.

ಕನಕಾಂಬರದ ಬೀಜದ ಆಟ ನಿಮಗೆ ಗೊತ್ತೇ? ಒಣಗಿದ ಕಾಯಿಯನ್ನು ಅಂಗೈಯಲ್ಲಿಟ್ಟು ಉಗುಳು ತಾಗಿಸಿದರೆ ಎರಡು ಕ್ಷಣ ಸುಮ್ಮನಿದ್ದು ಪಟ್ ಎಂದು ಸಿಡಿಯುತ್ತದೆ. ಅರ್ಧ ಸಿಡಿಯುವುದು ಎಂಬುದಿಲ್ಲ. ಸಿಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಶಾಲೆಯಲ್ಲಿ ಮುಂದಿನ ಬೆಂಚಿನವಳ ಜಡೆಯೊಳಗೆ ಒದ್ದೆ ಕಾಯಿ ಇಟ್ಟು ಬೆತ್ತದ ಏಟು ತಿಂದದ್ದು ನನ್ನ ಅಂದಿನ ಡೈರಿಯಲ್ಲಿ ತಾರೀಖಿನ ಸಮೇತ ಇದೆ. ನರತಂತುವಿನಲ್ಲಿ ಸುದ್ದಿ ಹೊರಡುವ ನಿಯಮವೂ ಅದೇ ಎಂದು ಮೇಡಂ ಹೇಳಿದಾಗ ಇಡೀ ಕ್ಲಾಸಿನಲ್ಲಿ ನಕ್ಕವಳು ನಾನೊಬ್ಬಳೇ.

ಹೋದ ವರ್ಷ ಗೌರಿಹಬ್ಬದ ವಾರ ಅಪ್ಪ ಫೋನ್ ಮಾಡಿದರು. "ನಿಮ್ಮವ್ವನ ಎಡಗಾಲು ಏಳ್ತಾ ಇಲ್ಲ ಕಣವ್ವ. ಚಪ್ಲಿ ಮೆಟ್ಕಂಡ್ರೆ ನಿಲ್ತಾ ಇಲ್ಲ, ಕಳ್ಚಿ ಕಳ್ಚಿ ಬೀಳ್ತದೆ. ನಿಮ್ಮತ್ತೆ ಬಂದವ್ಳೆ, ಲಕ್ವ ಅಂತಾವ್ಳೆ."

ಅರ್ಧ ಕಲಿತವರ ತಲೆ ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನು ಅಂದಿನ ಬಸ್ಸಿನಲ್ಲಿ ಕಂಡೆ. ಬೆಳ್ಳೂರು ಕ್ರಾಸಿನಲ್ಲಿ ಹತ್ತುವಾಗ ಅವ್ವನಿಗೆ ಹೆಮಿಪ್ಲೀಜಿಯಾ ಆಗಿತ್ತು. ನಾಗಮಂಗಲ ಬರುವ ಹೊತ್ತಿಗೆ ಮಿದುಳಿನಲ್ಲಿ ಗಡ್ಡೆ. ಪಾಂಡವಪುರದಲ್ಲಿ ಇಳಿಯುವಷ್ಟರಲ್ಲಿ ಪುಸ್ತಕದ ಕೊನೆಯ ಅಧ್ಯಾಯದ ಕಾಯಿಲೆಗಳೂ ಮುಗಿದು, ಕೈಯಲ್ಲಿದ್ದ ಟಿಕೆಟ್ಟು ಬೆವರಿಗೆ ಮುದ್ದೆಯಾಗಿತ್ತು.

ಮನೆಗೆ ಹೋದರೆ ಅವ್ವ ನಡುಮನೆಯಲ್ಲಿ ಕಾಲು ಚಾಚಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಎಡಮಂಡಿಯ ಕೆಳಗೆ ಎಕ್ಕದ ಎಲೆ ಬಿಸಿ ಮಾಡಿಟ್ಟು, ಹಳೇ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿದ್ದರು. ಪಕ್ಕದಲ್ಲಿ ಬೂಕನಕೆರೆಯ ಅತ್ತೆ, ಕಟ್ಟಿನ ಕಾವಲಿಗೆ. ಕೆ.ಆರ್. ಪೇಟೆಯ ಆಚೆ ಲಕ್ವಕ್ಕೆ ಎಣ್ಣೆ ಕೊಡುವವರ ಹತ್ತಿರ ಅಮಾವಾಸ್ಯೆಯ ದಿನ ಕರೆದುಕೊಂಡು ಹೋಗುವುದೆಂದೂ, ಒಂದು ಮಂಡಲ ಕಾಲು ನೆಲಕ್ಕೆ ತಾಗಿಸಬಾರದೆಂದೂ ತೀರ್ಮಾನವಾಗಿತ್ತು.

ನಾನು ಬ್ಯಾಗನ್ನೂ ಇಳಿಸದೆ ಎದುರಿಗೆ ಕೂತೆ.

"ಅವ್ವ, ಹಲ್ಲು ಬಿಡು."

"ಯಾಕ್ ಮಗ?"

"ಏಳನೇ ನರ ನೋಡ್ಬೇಕು. ಬಿಡವ್ವ."

ಅವ್ವ ಹಲ್ಲು ಬಿಟ್ಟಳು. ಬಾಯಿ ಎರಡೂ ಕಡೆ ಸಮ, ಲಕ್ವವಾಗಿದ್ದರೆ ಒಂದು ಕಡೆಗೆ ಸೊಟ್ಟಗಾಗಬಹುದಿತ್ತು. ಬಾಗಿಲಲ್ಲಿ ನಿಂತಿದ್ದ ಅಪ್ಪ, "ಅಲ್ಲು ಹಿಡ್ದು ನೋಡಕೆ ನಿಮ್ಮವ್ವ ಏನ್ ದನಾನಾ?" ಎಂದರು.

"ಕಾಲಲ್ಲಿ ರೋಗ ಮಡಿಕ್ಕಂಡು ಬಾಯಿ ನೋಡ್ತಾವ್ಳೆ," ಅತ್ತೆ ಹೇಳಿದರು. "ಇದ್ನೇನಾ ಅಲ್ಲಿ ಕಲ್ಸೋದು?"

ಎರಡೂ ಕೈ ಚಾಚಿಸಿದೆ, ಯಾವುದೂ ಇಳಿಯಲಿಲ್ಲ. ನನ್ನ ಬೆರಳು ಹಿಂಡಿಸಿದೆ. ಹಾಲು ಕರೆಯುವ ಕೈ, ಬೆರಳು ಮುರಿಯುವುದೊಂದು ಬಾಕಿ. ಬೆನ್ನುನೋವು ಇಲ್ಲ. ಪಾದವನ್ನು ಕೆಳಕ್ಕೆ ಒತ್ತು ಅಂದರೆ ಒತ್ತಿದಳು, ಒಳಕ್ಕೆ ತಿರುಗಿಸು ಅಂದರೆ ತಿರುಗಿಸಿದಳು. "ಈಗ ಮೇಲಕ್ಕೆ ಎತ್ತವ್ವ." ಬಲಪಾದ ಹೆಡೆಯಂತೆ ಎದ್ದಿತು. ಎಡಪಾದ ಹಾಗೇ ಜೋತು ಬಿದ್ದಿತ್ತು. ಅವ್ವನ ಹಣೆಯಲ್ಲಿ ಬೆವರು ಬಂತು, ಹೆಬ್ಬೆರಳು ಮಾತ್ರ ಅಲುಗಲಿಲ್ಲ. ಪಾದದ ಮೇಲೆ ಹತ್ತಿ ಸವರಿ "ಗೊತ್ತಾಯ್ತದಾ?" ಅಂದೆ.

"ಯಾರ್ದೋ ಕಾಲು ಮುಟ್ದಂಗಾಯ್ತದೆ," ಅಂದಳು.

ಮಂಡಿಯ ಹೊರಮಗ್ಗುಲಲ್ಲಿ ಸ್ವಲ್ಪ ಕೆಳಗೆ ಒಂದು ಮೂಳೆಯ ಗುಬುಟು ಕೈಗೆ ಸಿಗುತ್ತದೆ. ನೀವೂ ಮುಟ್ಟಿ ನೋಡಿಕೊಳ್ಳಬಹುದು. ಅದರ ಕತ್ತನ್ನು ಬಳಸಿಕೊಂಡು ಕಾಮನ್ ಪೆರೋನಿಯಲ್ ಎಂಬ ನರ ಮುಂದಕ್ಕೆ ಬರುತ್ತದೆ. ಸೊಂಟದಿಂದ ತೊಡೆಯ ಆಳದಲ್ಲಿ ಬಂದ ದೊಡ್ಡ ನರದ ಕವಲು ಅದು. ಪಾದವನ್ನು ಮೇಲಕ್ಕೆತ್ತುವ ಸುದ್ದಿ ಹೋಗುವುದು ಅದರಲ್ಲೇ. ಅಲ್ಲಿ ಅದರ ಮೇಲೆ ಮಾಂಸದ ಮರೆ ಇಲ್ಲ. ಚರ್ಮ, ಕೆಳಗೆ ಮೂಳೆ, ನಡುವೆ ಅದು. ಕುಕ್ಕರಗಾಲಲ್ಲಿ ಬಹಳ ಹೊತ್ತು ಕೂತರೆ ಅದು ನಲುಗುತ್ತದೆ, ಮೈ ಸೊರಗಿದ್ದರೆ ಇನ್ನೂ ಬೇಗ. ಅವ್ವ ಶ್ರಾವಣದ ಶನಿವಾರಗಳಲ್ಲಿ ಒಪ್ಪತ್ತು ಮಾಡಿ ಸೊರಗಿದ್ದಳು. ಹಬ್ಬದ ಹೂವಿಗೆಂದು ವಾರಪೂರ್ತಿ ಆ ಮೊಳಕಾಲೆತ್ತರದ ಗಿಡಗಳ ನಡುವೆ ಕುಕ್ಕರಗಾಲಲ್ಲೇ ಸರಿದಿದ್ದಳು. ಅತ್ತೆಯ ಎಕ್ಕದ ಕಟ್ಟಿನ ಗಂಟು ಸರಿಯಾಗಿ ಆ ಗುಬುಟಿನ ಮೇಲೇ ಕೂತಿತ್ತು.

ನಾನು ಗಂಟು ಬಿಚ್ಚಿದೆ. ಅತ್ತೆ ನನ್ನ ಕೈ ಹಿಡಿದರು.

"ಬಿಚ್ಬ್ಯಾಡ ಕಣಮ್ಮಿ. ನಾಳೆ ಕಾಲು ಪೂರ್ತಿ ಬಿದ್ದೋದ್ರೆ ನೀನು ಜವಾಬ್ದಾರೀನಾ?"

ಪುಸ್ತಕ ಹೀಗೆ ಕೇಳುವುದಿಲ್ಲ. "ಹೂಂ ಅತ್ತೆ, ನಾನೇ," ಅಂದೆ. "ನಾಳೆ ಆಸ್ಪತ್ರೆಗೆ ಹೋಗೋಣ. ನೀವೂ ಬನ್ನಿ. ಡಾಕ್ಟ್ರು ಲಕ್ವ ಅಂದ್ರೆ ಅಮಾವಾಸ್ಯೆಗೆ ನಾನೇ ಮುಂದೆ ನಡೀತೀನಿ."

ಪಾಂಡವಪುರದ ಡಾಕ್ಟರು ಅವ್ವನ ಮಂಡಿಯ ಪಕ್ಕ ಬೆರಳಿನಿಂದ ತಟ್ಟಿದರು. ಪಾದದವರೆಗೆ ಜುಮ್ಮೆಂದಿತು. ಮೈಸೂರಿಗೆ ಕಳಿಸಿ ನರದ ಪರೀಕ್ಷೆಯನ್ನೂ ಮಾಡಿಸಿದರು. ಲಕ್ವ ಅಲ್ಲ. ಆದರೆ ನಾನು ಗೆದ್ದ ಸಂತೋಷ ಅವರ ಮುಂದಿನ ಮಾತಿಗೆ ಹೋಯಿತು.

"ನರದ ಮೇಲಿನ ಹೊದಿಕೆ ಮಾತ್ರ ನಲುಗಿದ್ರೆ ಕೆಲವು ವಾರದಲ್ಲಿ ಸರಿಹೋಗಬಹುದು. ಒಳಗಿನ ತಂತೂ ಹೋಗಿದ್ರೆ ಅದು ಮತ್ತೆ ಚಿಗುರ್ಬೇಕು, ತಿಂಗಳುಗಟ್ಟಲೆ. ಪೂರ್ತಿ ಬರುತ್ತೆ ಅಂತ ಈಗಲೇ ಮಾತು ಕೊಡೋಕಾಗಲ್ಲ. ಒಂದಂತೂ ಖಂಡಿತ. ಕುಕ್ಕರಗಾಲಲ್ಲಿ ಕೂತ್ರೆ ಬರೋದಿಲ್ಲ."

"ಊವ ಬಿಡಿಸ್ಬೇಕಲ್ಲ ಸಾ," ಅವ್ವ ಹೇಳಿದಳು.

"ಬೇರೆ ಯಾರಾದ್ರೂ ಬಿಡಿಸ್ಲಿ. ಇಲ್ಲಾ, ಒಂದು ಸ್ಟೂಲ್ ಹಾಕ್ಕೊಂಡು ಕಾಲು ಚಾಚಿ ಕೂತ್ಕೊಳ್ಳಿ."

ನಾನು ಅವ್ವನ ಹೆಗಲನ್ನೇ ನೋಡುತ್ತಿದ್ದೆ. ಅದು ಏಳಲಿಲ್ಲ. "ಆಯ್ತದೆ ಬುಡು" ಎಂಬ ಮಾತೂ ಬರಲಿಲ್ಲ. ಅವ್ವ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಸ್ಟೂಲು ಹಾಕುವುದರಲ್ಲಿ ಏನು ಕಷ್ಟ ಎಂದು ನೀವು ಕೇಳಬಹುದು. ಕಷ್ಟ ಅಜ್ಜಿ. ನಮ್ಮ ಮನೆಯ ಹೂವಿನ ಸಾಲಿಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಮಣೆ ಹಾಕಿ ಕೂರುವಂತಿಲ್ಲ. ದೇವರ ತಲೆಗೆ ಹೋಗುವ ಹೂವಿನ ಮುಂದೆ ಆಸನದ ಮೇಲೆ ಕೂರುವುದು ಅಜ್ಜಿಯ ಲೆಕ್ಕದಲ್ಲಿ ಸೊಕ್ಕು. ಅವ್ವ ಸಸಿ ನೆಟ್ಟ ದಿನವೇ ಅಜ್ಜಿ ಈ ಮಾತು ಹೇಳಿದ್ದಳಂತೆ, ಅವ್ವ ಒಂದು ದಿನವೂ ಮೀರಿರಲಿಲ್ಲ. ಮೈಸೂರಿನಿಂದ ಬಂದ ಮರುದಿನ ಬೆಳಗ್ಗೆ ನಾನು ಎದ್ದು ನೋಡಿದರೆ ಅವ್ವ ಆಗಲೇ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಅವ್ವ, ಡಾಕ್ಟ್ರು ಏನಂದ್ರು?"

"ವಸಿ ಒತ್ತು ಕಣ್ ಮಗ. ಬಾಡೋಯ್ತವೆ."

"ನಿನ್ನ ಕಾಲು ಬಾಡೋಗ್ತದಲ್ಲವ್ವ!"

"ಮಣೆ ಹಾಕ್ಕಳದ್ನ ಮಾತ್ರ ಏಳ್ಬ್ಯಾಡ. ನಿಮ್ಮಜ್ಜಿ ಇರಗಂಟ ಆಗಾಕಿಲ್ಲ."

ನಾನು ನೇರವಾಗಿ ಜಗಲಿಗೆ ಬಂದೆ. ಅಜ್ಜಿ ಕಾಫಿ ಆರಿಸಿಕೊಳ್ಳುತ್ತಿದ್ದಳು. ಜಗಳಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಆದರೆ ಕುರುಡುಗಣ್ಣಿನ ಆ ಮುಖದ ಎದುರು ಜಗಳ ಹೊರಡಲಿಲ್ಲ. ಬುಟ್ಟಿಯಿಂದ ಒಂದು ಒದ್ದೆ ಬಾಳೆನಾರು ತಂದು ಅಜ್ಜಿಯ ಬೆರಳಿಗೆ ಕೊಟ್ಟೆ.

"ಅಜ್ಜಿ, ಇದನ್ನ ಉಗುರಲ್ಲಿ ಒತ್ತು. ಒತ್ತುತ್ತಾನೇ ಇರು."

ಅಜ್ಜಿ ಒತ್ತಿದಳು. ನಾರು ಅಲ್ಲಿ ಚಪ್ಪಟೆಯಾಯಿತು.

"ಅವ್ವನ ಮಂಡಿ ಪಕ್ಕ ಇಂಥದೇ ಒಂದಿದೆ. ಅವಳು ಕುಕ್ಕರಗಾಲಲ್ಲಿ ಕೂತಾಗೆಲ್ಲ ನೀನು ಹೀಗೆ ಒತ್ತಿದ ಹಾಗೆ. ಮೇಲಿಂದ ಹೇಳಿ ಕಳಿಸಿದ್ದು ಪಾದಕ್ಕೆ ಹೋಗೋದೇ ಇಲ್ಲ."

"ನಾ ಒತ್ದಂಗೆ ಅಂತೀಯಾ?"

ನಾನು ಅಷ್ಟು ಖಾರವಾಗಿ ಹೇಳಬೇಕೆಂದಿರಲಿಲ್ಲ. ಅಜ್ಜಿ ನಾರನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದಳು. ಚಪ್ಪಟೆಯಾದ ಜಾಗ ಮತ್ತೆ ಗುಂಡಗಾಗಲಿಲ್ಲ. ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನಿನ್ನೆ ಮೊನ್ನೆಯಿಂದ ಕೇಳ್ತಾವ್ನಿ. ಒಂದೆಜ್ಜೆ ಸರಿಯಾಗ್ ಬೀಳ್ತದೆ, ಒಂದೆಜ್ಜೆ ಪಟೀರಂತ ಬಡೀತದೆ. ಆ ಸಬ್ದ ಕೇಳಕಾಗಾಕಿಲ್ಲ ಕಣವ್ವ. ನನ್ ಮಣೆ ಎತ್ಕಾ."

ಅಜ್ಜಿ ದಿನವೂ ಕೂತು ಊಟ ಮಾಡುವ ಹಲಸಿನ ಮಣೆ. ನಾನು ಒಂದು ಕೈಯಲ್ಲಿ ಮಣೆ, ಒಂದು ಕೈಯಲ್ಲಿ ಅಜ್ಜಿಯನ್ನು ಹಿಡಿದು ಹೂವಿನ ಸಾಲಿಗೆ ಹೋದೆ. ಅವ್ವ ಗಾಬರಿಯಿಂದ ಎದ್ದು ನಿಂತಳು. ಅಜ್ಜಿ ಕಾಲಿನಿಂದ ನೆಲ ತಡವಿ, ಮಣೆ ಹಾಕಿಸಿ, ಅದರ ಮೇಲೆ ತಾನೇ ಕೂತುಬಿಟ್ಟಳು. ಕೈಗೆ ಸಿಕ್ಕ ತೆನೆಯಿಂದ ಒಂದು ಹೂವು ಕಿತ್ತಳು.

"ಕುಂತವ್ನಿ ನೋಡು. ದೋಸ ಇದ್ರೆ ಮೊದ್ಲು ನಂಗೆ ತಟ್ಲಿ. ಇನ್ನು ನೀ ಕುಂತ್ಕಳಮ್ಮಿ."

ಅಜ್ಜಿ ಎದ್ದು ಬಿಟ್ಟುಕೊಟ್ಟ ಮಣೆಯ ಮೇಲೆ ಅವ್ವ ಕೂತಳು. ಕಾಲು ಚಾಚಿ, ಸೆರಗಿನಿಂದ ಮುಖ ಒರೆಸಿಕೊಂಡು ಹೂವು ಬಿಡಿಸತೊಡಗಿದಳು. ಗಿಡದ ರೆಂಬೆ ಬಗ್ಗಿಸಿಕೊಳ್ಳಲು ಒಂದು ಕೊಕ್ಕೆಯನ್ನು ಅಪ್ಪ ಮಧ್ಯಾಹ್ನದೊಳಗೆ ಮಾಡಿಕೊಟ್ಟರು.

ಆಮೇಲೆ ಅವ್ವ ಹಿಡಿದ ಹಟವನ್ನು ನಾನು ಪುಸ್ತಕದ ಯಾವ ಪುಟದಲ್ಲೂ ಓದಿಲ್ಲ. ಆಸ್ಪತ್ರೆಯವರು ಪಾದ ಜೋತು ಬೀಳದಂತೆ ಒಂದು ಆಸರೆ ಕೊಟ್ಟಿದ್ದರು. ಅದನ್ನು ಹಾಕದ ಹೊತ್ತಿನಲ್ಲಿ ನಡೆಯಲು ಚಪ್ಪಲಿಗೆ ತಾನೇ ಪಟ್ಟಿ ಹೊಲಿದುಕೊಂಡಳು. ಬೆಳಗ್ಗೆ, ಸಂಜೆ ಟವೆಲನ್ನು ಪಾದಕ್ಕೆ ಕೊಟ್ಟು ಎಳೆಯುವುದು, ಆಮೇಲೆ ಪಾದವನ್ನೇ ನೋಡುತ್ತಾ ಎತ್ತಲು ಪ್ರಯತ್ನಿಸುವುದು. ಎಮ್ಮೆಯನ್ನು ಎಬ್ಬಿಸುವ ಹಾಗೆ, "ಏಳು, ಏಯ್, ಏಳಂದ್ರೆ!" ಒಂದು ದಿನ ಫೋನಿನಲ್ಲಿ, "ಆ ನರಕ್ಕೇನಂತೀರಿ ಮಗ, ಎಸ್ರು?" ಎಂದು ಕೇಳಿದಳು. ಹೇಳಿದೆ. ಅಂದಿನಿಂದ ಬೈಗುಳಕ್ಕೂ ವಿಳಾಸ ಸಿಕ್ಕಿತು. "ಏಯ್ ಪೆರೋನಿ, ತಿಂದಿದ್ದು ಎಲ್ಲೋಯ್ತು? ಏಳು!" ನೋಡಲು ಬಂದ ಪಕ್ಕದ ಮನೆಯವರು ಪೆರೋನಿ ಎಂದರೆ ಹೊಸ ಹಸುವಿನ ಹೆಸರು ಎಂದುಕೊಂಡರಂತೆ.

ನಾನು ಡೈರಿಯಲ್ಲಿ ಅವ್ವನ ಕಾಲಿಗೆಂದೇ ಒಂದು ಅಂಕಣ ಗೆರೆ ಹಾಕಿದೆ. ಅವ್ವನನ್ನು ಕೇಳಿ ಪ್ರಯೋಜನವಿಲ್ಲ, ಎಲ್ಲಕ್ಕೂ "ಆಯ್ತದೆ ಬುಡು." ಆದ್ದರಿಂದ ದಿನವೂ ಎಂಟನೇ ನರಕ್ಕೆ ಫೋನ್ ಮಾಡುತ್ತಿದ್ದೆ.

"ಅಜ್ಜಿ, ಹೆಜ್ಜೆ ಹೆಂಗಿದೆ?"

"ಬಡೀತದೆ ಕಣವ್ವ."

ಅಂಕಣದಲ್ಲಿ ಬಡಿಯುತ್ತದೆ, ಬಡಿಯುತ್ತದೆ, ಬಡಿಯುತ್ತದೆ. ಒಂದು ಪುಟ ತುಂಬಿತು. ತಿರುವಿದ ಪುಟದಲ್ಲೂ ಅದೇ. ಡಾಕ್ಟರು ಹೇಳಿದ ಎರಡು ದಾರಿಗಳಲ್ಲಿ ನಾವು ಯಾವುದರಲ್ಲಿ ಇದ್ದೇವೆ ಎಂದು ನಾನು ಹಾಸ್ಟೆಲಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ. ಪುಸ್ತಕದ ಚಿತ್ರದಲ್ಲಿ ಆ ನರಕ್ಕೆ ಹಳದಿ ಬಣ್ಣ. ನೋಡಿ ನೋಡಿ ಅದರ ಮೇಲೆ ನನ್ನ ಬೆರಳಿನ ಗುರುತು ಬಿದ್ದಿತ್ತು. ಅಷ್ಟರಲ್ಲಿ ದೀಪಾವಳಿಗೆಂದು ಬೂಕನಕೆರೆಯ ಅತ್ತೆ ಅಜ್ಜಿಯನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಅಂಕಣ ಖಾಲಿ ಬಿತ್ತು. ನನಗೂ ಪರೀಕ್ಷೆ, ಊರಿಗೆ ಹೋಗಲಾಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಬೂಕನಕೆರೆಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಊರಿಗೆ ಬಂದೆ. ಹೊರಡುವಾಗ ಅತ್ತೆ ಒಂದು ಬಾಟಲಿ ಎಣ್ಣೆ ನನ್ನ ಬ್ಯಾಗಿಗೆ ತುರುಕಿ, "ಕಟ್ಬ್ಯಾಡಿ, ಬರೀ ಸವರ್ರಿ. ಅದಕ್ಕೂ ನಿಮ್ ಡಾಕ್ಟ್ರು ಬ್ಯಾಡ ಅಂತಾರಾ?" ಎಂದರು. ಹನ್ನೆರಡನೇ ನರದಿಂದ ಅಷ್ಟು ಮೆತ್ತಗಿನ ಮಾತು ನಾನು ಕೇಳಿರಲಿಲ್ಲ.

ಮನೆ ಸೇರಿದಾಗ ಬೆಳಗಿನ ಬಿಸಿಲು ಅಂಗಳಕ್ಕೆ ಬಂದಿತ್ತು. ಬಾಗಿಲು ತೆರೆದೇ ಇತ್ತು, ಯಾರೂ ಇರಲಿಲ್ಲ. ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ನಾನು ನೀರು ತರಲು ಒಳಗೆ ಹೋದೆ. ಚೊಂಬು ಹಿಡಿದು ಹೊರಗೆ ಬರುವಾಗ ಗೇಟಿನ ಸದ್ದಾಯಿತು. ಅಂಗಳದ ಸಿಮೆಂಟಿನ ಮೇಲೆ ಬರಿಗಾಲಿನ ಹೆಜ್ಜೆಗಳು.

ಅಜ್ಜಿ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು, ಹೊರಗಿನವರಿಗೆ ಹೇಳುವ ಹಾಗೆ ಹೇಳಿದಳು: "ಯಾರವ್ವ ಅದು? ಬನ್ನಿ, ಕುಂತ್ಕಳಿ. ನನ್ ಸೊಸೆ ಊವಿನ ತಾವ ಇರ್ಬೇಕು, ಈಗ ಬತ್ತಾಳೆ."

ಸೊಂಟದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಅವ್ವ ಅಂಗಳದ ನಡುವೆ ನಿಂತುಬಿಟ್ಟಳು. ನನ್ನ ಕಡೆ ನೋಡಿದಳು. ನಾನು ಅವಳ ಪಾದ ನೋಡುತ್ತಿದ್ದೆ.

"ನಾನೇಯಾ, ಅತ್ತೆಮ್ಮ."

"ಸುಳ್ಳೇಳ್ಬ್ಯಾಡ. ನನ್ ಸೊಸೆ ಎಜ್ಜೆ ನಂಗೊತ್ತಿಲ್ವಾ? ಅದು ಬಡೀತದೆ." ಅಜ್ಜಿ ಜಗಲಿಯ ಅಂಚಿಗೆ ಸರಿದಳು. "ಎಲ್ಲಿ, ಇನ್ನೊಂದ್ಸಲ ನಡಿ."

ಅವ್ವ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಗೇಟಿನವರೆಗೆ ಹಿಂದಕ್ಕೆ ಹೋಗಿ, ಸೀರೆಯನ್ನು ಕಣಕಾಲಿನ ಮೇಲಕ್ಕೆ ಹಿಡಿದುಕೊಂಡು, ಅಜ್ಜಿಗೆ ಕೇಳಿಸುವಂತೆ ಒಂದೊಂದೇ ಹೆಜ್ಜೆಯಿಟ್ಟು ಮತ್ತೆ ನಡೆದು ಬಂದಳು.